ದೀಪ ಉರಿದರೆ ಮಾಡ್ಯೂಲೇ ಬದಲಿಸಬೇಕೆ?

ನನ್ನ ತಂಗಿಯ ಮಗನ ಪಿಕಪ್ ಗಾಡಿಗೆ ಅಹಮದಾಬಾದಿನ ದೊಡ್ಡ ವರ್ಕ್‌ಶಾಪೊಂದು ಕೊಟ್ಟ ಎಸ್ಟಿಮೇಟು 1,86,400 ರೂಪಾಯಿ. ಅದೇ ಗಾಡಿ ವಡೋದರಾದ ಗಲ್ಲಿಯೊಂದರಲ್ಲಿ ಸರಿಯಾದದ್ದು 4,250 ರೂಪಾಯಿಗೆ. ಎರಡೂ ಕಾಗದ ನನ್ನ ಫೈಲಿನಲ್ಲಿವೆ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಸವೆದವನಿಗೆ ಕಾಗದ ಎಸೆಯುವ ಅಭ್ಯಾಸವಿರುವುದಿಲ್ಲ. ಈ ಎರಡು ಕಾಗದಗಳ ನಡುವಿನ ವ್ಯತ್ಯಾಸ 1,82,150 ರೂಪಾಯಿ. ಅದರ ಬಗ್ಗೆ ನನಗೆ ಸಿಟ್ಟಿದೆ. ಆ ಸಿಟ್ಟನ್ನು ಊರಿನವರ ಮುಂದೆ ಹೇಳಿಕೊಳ್ಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಈ ರೋಗ ಗುಜರಾತಿನದು ಮಾತ್ರವಲ್ಲ. ಬೆಂಗಳೂರಿನಲ್ಲೂ ಇದೆ, ಶಿವಮೊಗ್ಗಕ್ಕೂ ಬಂದಿದೆ.

ಹುಡುಗನ ಪರಿಚಯ ಮೊದಲು ಹೇಳಿಬಿಡುತ್ತೇನೆ. ತೀರ್ಥಹಳ್ಳಿ ಕಡೆಯವನು. ಹತ್ತು ವರ್ಷದ ಹಿಂದೆ ಇಲ್ಲಿಗೆ ಬಂದವನು ವಡೋದರಾದಲ್ಲಿ ಮನೆ ಮಾಡಿಕೊಂಡು ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ದಕ್ಷಿಣದ ಹೋಟೆಲುಗಳಿಗೆ ಕಾಫಿಪುಡಿ, ಇಡ್ಲಿರವೆ, ಅಡಿಕೆ ಹಾಳೆಯ ತಟ್ಟೆ ಸರಬರಾಜು ಮಾಡುತ್ತಾನೆ. ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಡಬಲ್ ಕ್ಯಾಬ್ ಪಿಕಪ್ ತಗೊಂಡ. ಮುಂದೆ ಸಂಸಾರ, ಹಿಂದೆ ಮಾಲು. ಗಾಡಿಯ ಕಂಪನಿಯ ಹೆಸರು ನಾನು ಹೇಳುವುದಿಲ್ಲ, ವರ್ಕ್‌ಶಾಪಿನದೂ ಹೇಳುವುದಿಲ್ಲ. ನನ್ನ ಜಗಳ ಒಬ್ಬರ ಮೇಲಲ್ಲ, ಒಂದು ಚಾಳಿಯ ಮೇಲೆ.

ಈಗಿನ ಗಾಡಿಗಳಲ್ಲಿ ಚಾಲಕನಿಗೆ ಸಹಾಯ ಮಾಡುವ ಏರ್ಪಾಡುಗಳು ಬಹಳ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಎ.ಬಿ.ಎಸ್., ಚಕ್ರ ಜಾರಿದರೆ ಹಿಡಿತ ಕೊಡುವ ಟ್ರ್ಯಾಕ್ಷನ್ ಕಂಟ್ರೋಲ್, ತಿರುವಿನಲ್ಲಿ ಗಾಡಿ ಅಡ್ಡ ತಿರುಗದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್, ಇಳಿಜಾರಿನಲ್ಲಿ ತಾನೇ ಬ್ರೇಕ್ ಹಿಡಿಯುವ ಹಿಲ್ ಡಿಸೆಂಟ್, ಹಿಂದೆ ತೆಗೆಯುವಾಗ ಕೂಗುವ ರಿವರ್ಸ್ ಸೆನ್ಸರ್. ಇವೆಲ್ಲ ಶ್ರೀಮಂತರ ಶೋಕಿ ಅಂದುಕೊಳ್ಳುವ ಕಾಲ ಹೋಯಿತು. ಕಾರುಗಳಿಗೆ 2019ರ ಏಪ್ರಿಲ್‌ನಿಂದ ಎ.ಬಿ.ಎಸ್., ಅದೇ ಜುಲೈನಿಂದ ರಿವರ್ಸ್ ಸೆನ್ಸರ್ ಕಡ್ಡಾಯ. ಇಲ್ಲೇ ವಡೋದರಾದ ಪಕ್ಕದ ಹಾಲೋಲ್‌ನ ಕಾರ್ಖಾನೆಯಿಂದ 2020ರಲ್ಲಿ ಹೊರಬಂದ ಎಂ.ಜಿ. ಗ್ಲೋಸ್ಟರ್‌ನಲ್ಲಿ ರಾಡಾರ್, ಕ್ಯಾಮೆರಾ ಎಲ್ಲ ಇದ್ದು, ಎದುರಿಗೆ ಅಡ್ಡ ಬಂದರೆ ಗಾಡಿಯೇ ಬ್ರೇಕ್ ಹಾಕುತ್ತದೆ. ನಮ್ಮ ಹುಡುಗನ ಪಿಕಪ್ಪಿನಲ್ಲಿ ಅಷ್ಟೆಲ್ಲ ಇಲ್ಲ. ಇದ್ದದ್ದೇ ಸಾಕಾಯಿತು ಅನ್ನಿ.

2024ರ ಆಗಸ್ಟ್ ಕೊನೆಯ ವಾರ ವಡೋದರಾದಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿತು. ನೀರು 35 ಅಡಿ ದಾಟಿ, ಊರಿನ ಅರ್ಧ ಭಾಗ ಮುಳುಗಿ, ಮೊಸಳೆಗಳು ಬೀದಿಗೆ ಬಂದ ಸುದ್ದಿ ನೀವೂ ಟೀವಿಯಲ್ಲಿ ನೋಡಿರುತ್ತೀರಿ. ನಾನು ನಿವೃತ್ತನಾದ ಮೇಲೆ ಮಗಳ ಮನೆಯಲ್ಲಿ ಇಲ್ಲೇ ಇದ್ದೇನೆ. ನಮ್ಮದು ಮೂರನೇ ಮಹಡಿ, ಹಾಗಾಗಿ ಬಚಾವು. ಹುಡುಗನ ಪಿಕಪ್ಪು ಮಾತ್ರ ಒಂದೂವರೆ ದಿನ ನೀರಿನಲ್ಲಿ ನಿಂತಿತ್ತು, ಬಾಗಿಲಿನ ಹೊಸ್ತಿಲವರೆಗೆ. ನಾನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಕೀ ಮುಟ್ಟಬೇಡ ಮಾರಾಯ." ನೀರು ಹೊಕ್ಕ ಎಂಜಿನ್ನು ಸ್ಟಾರ್ಟ್ ಮಾಡಿ ಹಾಳು ಮಾಡಿಕೊಂಡರೆ ಸಾಧಾರಣ ಪಾಲಿಸಿಯಲ್ಲಿ ವಿಮೆಯವರು ಕೈ ಎತ್ತುತ್ತಾರೆ. ಅವನು ಮುಟ್ಟಲಿಲ್ಲ. ಟೋ ಮಾಡಿಸಿ, ಕಾರ್ಪೆಟ್ ತೆಗೆಸಿ, ಒಣಗಿಸಿ, ಎಣ್ಣೆ ಬದಲಿಸಿ ಗಾಡಿ ಓಡಿತು. ಎಲ್ಲ ಸರಿಯಾಯಿತು ಅಂದುಕೊಂಡೆವು.

ನೀರಿನ ಕೆಲಸ ನೀರು ಇಳಿದ ಮೇಲೆ ಶುರುವಾಗುವುದು ಅಂತ ನಮಗೆ ಗೊತ್ತಿರಲಿಲ್ಲ. ತಾಮ್ರದ ತಂತಿಯ ತುದಿಯಲ್ಲಿ ಹಸಿರು ಕಿಲುಬು ನಿಧಾನವಾಗಿ ಬೆಳೆಯುತ್ತದೆ. ನಮ್ಮ ಮನೆಯ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟರೆ ಆಗುವುದಿಲ್ಲವೆ, ಹಾಗೆ. ಡಿಸೆಂಬರ್ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಮೂರು ದೀಪ ಒಟ್ಟಿಗೆ ಹತ್ತತೊಡಗಿದವು: ಎ.ಬಿ.ಎಸ್., ಟ್ರ್ಯಾಕ್ಷನ್, ಹಿಲ್ ಡಿಸೆಂಟ್. ಒಮ್ಮೆ ಹತ್ತುವುದು, ಒಮ್ಮೆ ಆರುವುದು. ಹೊಂಡ ಇಳಿದರೆ ಹತ್ತುವುದು. ಜೊತೆಗೆ ಸಿಗ್ನಲ್ಲಿನಲ್ಲಿ ನಿಧಾನವಾಗಿ ನಿಲ್ಲಿಸುವಾಗ ಬ್ರೇಕ್ ಪೆಡಲು ಕಾಲಿನ ಕೆಳಗೆ ಗರಗರ ಅನ್ನುವುದು. ರಿವರ್ಸ್ ಸೆನ್ಸರಂತೂ ಹಿಂದೆ ಯಾರೂ ಇಲ್ಲದಿದ್ದರೂ ಕೂಗುವುದು.

ಜನವರಿಯಲ್ಲಿ ಸೂರತ್ತಿಗೆ ಮಾಲು ಇಳಿಸಲು ಹೋದಾಗ ಉಧನಾದಲ್ಲಿ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದ. ಆತ ಹತ್ತು ನಿಮಿಷದಲ್ಲಿ ರೋಗ ವಾಸಿ ಮಾಡಿದ. ಹೇಗೆ ಅಂತೀರಿ? ಎ.ಬಿ.ಎಸ್. ಫ್ಯೂಸು ಕಿತ್ತು, ಉರಿಯುವ ದೀಪಗಳ ಮೇಲೆ ಕಪ್ಪು ಟೇಪು ಅಂಟಿಸಿ, "ಚಾಲ್ಶೇ" ಅಂದ. ನಡೆಯುತ್ತೆ ಬಿಡಿ ಅಂತ. ಪೆಡಲಿನ ಗರಗರ ನಿಂತಿತು. ಇನ್ನೂರು ರೂಪಾಯಿ. ಹುಡುಗನಿಗೆ ಖುಷಿಯೋ ಖುಷಿ. ನನಗೆ ಹೇಳಲೂ ಇಲ್ಲ.

ಆ ಇನ್ನೂರು ರೂಪಾಯಿಯ ನಿಜವಾದ ಬೆಲೆ ಗೊತ್ತಾದದ್ದು 2025ರ ಜೂನ್‌ನಲ್ಲಿ. ಸೂರತ್ತಿನಿಂದ ಖಾಲಿ ಗಾಡಿಯಲ್ಲಿ ವಾಪಸು ಬರುತ್ತಿದ್ದಾನೆ, ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು ಮಲಗಿದ್ದಾಳೆ. ಭರೂಚ್ ದಾಟಿ ಪಾಲೇಜ್ ಹತ್ತಿರ ಮೊದಲ ಮಳೆ, ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಎಣ್ಣೆ ಹಚ್ಚಿದ ಹಾಗೆ ನುಣುಪು. ಮುಂದಿನ ಲಾರಿ ಬ್ರೇಕ್ ಹಾಕಿತು, ಇವನೂ ಹಾಕಿದ. ಹಿಂದಿನ ಚಕ್ರಗಳು ಕಚ್ಚಿಕೊಂಡು ಗಾಡಿಯ ಬಾಲ ಬಲಕ್ಕೆ ಹೊರಳಿ, ಪಿಕಪ್ಪು ಅಡ್ಡ ತಿರುಗಿ ಡಿವೈಡರಿಗೆ ಒಂದು ಮೊಳ ಬಿಟ್ಟು ನಿಂತಿತು. ಹಿಂದೆ ಗಾಡಿ ಇರಲಿಲ್ಲ. ಇದ್ದಿದ್ದರೆ ಈ ಲೇಖನ ಬರೆಯುವ ಮನಸ್ಸು ನನಗೆ ಇರುತ್ತಿರಲಿಲ್ಲ.

ಇದು ಆದದ್ದು ಯಾಕೆ ಅಂತ ನನಗೆ ಆಮೇಲೆ ಅರ್ಥವಾಯಿತು. ಎ.ಬಿ.ಎಸ್. ದೀಪ ಒಂದೇ ಹತ್ತಿದರೆ ಮಾಮೂಲಿ ಬ್ರೇಕು ಇರುತ್ತದೆ, ಸಹಾಯ ಮಾತ್ರ ಇರುವುದಿಲ್ಲ. ಅದರ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲ ಹಂಚುವ ಕೆಲಸವೂ ನಿಂತಿರಬಹುದು. ಪಿಕಪ್ಪಿಗೆ ಈ ಹಂಚಿಕೆ ಜೀವದ ಪ್ರಶ್ನೆ. ಕಾರಿನ ಹಾಗಲ್ಲ ಅದು. ಮಾಲು ಇಳಿಸಿದ ಮೇಲೆ ಹಿಂಭಾಗ ಹಗುರವಾಗಿ, ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಕಚ್ಚುತ್ತದೆ. ಫ್ಯೂಸ್ ಕಿತ್ತ ಪುಣ್ಯಾತ್ಮ ಎರಡನ್ನೂ ಕಿತ್ತಿದ್ದ. ಕೆಂಪು ದೀಪವೂ ಟೇಪಿನ ಅಡಿಯಲ್ಲಿ ಉರಿಯುತ್ತಿತ್ತು, ಆರು ತಿಂಗಳು.

ಹೆದರಿದ ಹುಡುಗ ಫ್ಯೂಸ್ ವಾಪಸು ಹಾಕಿಸಿ ಆ ವಾರವೇ ಅಹಮದಾಬಾದಿನ ದೊಡ್ಡ ವರ್ಕ್‌ಶಾಪಿಗೆ ಗಾಡಿ ಬಿಟ್ಟ. ಗಾಜಿನ ಬಾಗಿಲು, ಏಸಿ, ಕೂರಲು ಸೋಫಾ, ಕುಡಿಯಲು ಮಸಾಲಾ ಚಾ. ಸಂಜೆ ಎಸ್ಟಿಮೇಟು ಬಂತು. ಎ.ಬಿ.ಎಸ್. ಯೂನಿಟ್ ಮಾಡ್ಯೂಲ್ ಸಮೇತ 1,38,000. ಹಿಂಬದಿಯ ವೈರಿಂಗ್ ಪೂರ್ತಿ 22,600. ರಿವರ್ಸ್ ಸೆನ್ಸರು ನಾಲ್ಕು, ತಲಾ 3,200ರಂತೆ 12,800. ಕೂಲಿ ಮತ್ತು ಪ್ರೋಗ್ರಾಮಿಂಗ್ 13,000. ಅವನು ಅದರ ಫೋಟೋ ತೆಗೆದು ನನಗೆ ಕಳಿಸಿ ಫೋನ್ ಮಾಡಿದ.

"ಮಾವ, ಏನು ಮಾಡ್ಲಿ? ಮಕ್ಕಳು ಕೂತ್ಕೊಳ್ಳೋ ಗಾಡಿ. ಮಾಡಿಸಿಬಿಡ್ಲಾ?"

"ಏನು ಅಳೆದು ನೋಡಿದ್ರಂತೆ?"

"ಕಂಪ್ಯೂಟರ್ ಹಾಕಿ ನೋಡಿದ್ರು ಮಾವ. ಕೋಡ್ ಬಂತಂತೆ."

"ಕೋಡ್ ಬಂದ ಮೇಲೆ ಮೀಟರ್ ಹಿಡಿದ್ರಾ?"

"ಅದನ್ನೆಲ್ಲ ಕೇಳಕ್ಕೆ ಆಗುತ್ತಾ ಮಾವ. ದೊಡ್ಡ ವರ್ಕ್‌ಶಾಪು..."

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. "ಅದನ್ನೆಲ್ಲ ಕೇಳಕ್ಕೆ ಆಗುತ್ತಾ" ಅನ್ನುವ ಈ ಮಾತು ನಮ್ಮ ಕಡೆಯವರ ಹುಟ್ಟುಗುಣ. ಹೋಟೆಲಿನಲ್ಲಿ ಬಿಲ್ ಕೂಡಿ ನೋಡಿದರೆ ಸಣ್ಣತನ. ಆಸ್ಪತ್ರೆಯಲ್ಲಿ ಯಾವ ಪರೀಕ್ಷೆ ಯಾಕೆ ಅಂತ ಕೇಳಿದರೆ ಅಧಿಕಪ್ರಸಂಗ. ಗುಜರಾತಿಗಳನ್ನು ಜುಗ್ಗರು, ಕಾಸಿಗೆ ಕಾಸು ಎಣಿಸುವವರು ಅಂತ ನಾವು ಆಡಿಕೊಂಡು ನಗುತ್ತೇವೆ. 1996ರಲ್ಲಿ ನನಗೆ ಸೂರತ್ತಿಗೆ ವರ್ಗವಾದಾಗ ನಾನೂ ನಕ್ಕವನೇ. ಒಂದು ದಿನ ರಿಂಗ್ ರೋಡಿನ ಜವಳಿ ಮಾರುಕಟ್ಟೆಯ ಒಬ್ಬ ಕಾಕಾ ಪಾಸ್‌ಬುಕ್ ಹಿಡಿದು ಬಂದು ಬಡ್ಡಿ ಹನ್ನೊಂದು ರೂಪಾಯಿ ಕಾಲು ಕಡಿಮೆ ಬಿದ್ದಿದೆ ಅಂದರು. ಕೌಂಟರಿನಲ್ಲಿ ಜನ ಕಿಕ್ಕಿರಿದಿದ್ದರು. ನಾಳೆ ಬನ್ನಿ ಅಂದೆ. ಅವರು ಹೋಗಲಿಲ್ಲ. ಒಂದು ಗಂಟೆ ನಿಂತರು, ಸಿಟ್ಟಿಲ್ಲದೆ, ಸಂಕೋಚವೂ ಇಲ್ಲದೆ. ಕೊನೆಗೆ ಲೆಡ್ಜರ್ ತೆಗೆದು ನೋಡಿದೆ. ಆಗ ಉಳಿತಾಯ ಖಾತೆಗೆ ವರ್ಷಕ್ಕೆ ನಾಲ್ಕೂವರೆ ಪರ್ಸೆಂಟು ಬಡ್ಡಿ, ಅದೂ ತಿಂಗಳ ಹತ್ತನೇ ತಾರೀಕಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಶಿಲ್ಕಿನ ಮೇಲೆ. ಅವರು ಹತ್ತನೇ ತಾರೀಕು ಮೂರು ಸಾವಿರ ಕಟ್ಟಿದ್ದರು. ನಮ್ಮ ಗುಮಾಸ್ತ ಅದನ್ನು ಆ ತಿಂಗಳ ಲೆಕ್ಕಕ್ಕೆ ತಗೊಂಡಿರಲಿಲ್ಲ. ಮೂರು ಸಾವಿರಕ್ಕೆ ಒಂದು ತಿಂಗಳ ಬಡ್ಡಿ, ಸರಿಯಾಗಿ 11 ರೂಪಾಯಿ 25 ಪೈಸೆ. ಕಾಕಾ ಹೇಳಿದ್ದೇ ಸರಿ. ಕ್ಷಮೆ ಕೇಳಿದೆ. ಅವರು ನಕ್ಕು, "ಹಿಸಾಬ್ ಹಿಸಾಬ್ ಛೇ ಸಾಹೇಬ್" ಅಂದು ಹೋದರು. ಲೆಕ್ಕ ಅಂದರೆ ಲೆಕ್ಕ. ಮಾನಸಗಂಗೋತ್ರಿಯಲ್ಲಿ ಎಂ.ಕಾಂ. ಓದಿದವನಿಗೆ ಅವತ್ತು ಆದ ಪಾಠ ಅಲ್ಲಿ ಎರಡು ವರ್ಷದಲ್ಲೂ ಆಗಿರಲಿಲ್ಲ.

ಹಾಗಾಗಿ ಹುಡುಗನಿಗೆ ಹೇಳಿದೆ: ಏನೂ ಮಾಡಿಸಬೇಡ, ನಾನು ಬರುತ್ತೇನೆ. ಎಕ್ಸ್‌ಪ್ರೆಸ್‌ವೇ ಮೇಲೆ ವಡೋದರಾದಿಂದ ಅಹಮದಾಬಾದಿಗೆ ಎರಡು ಗಂಟೆಯೂ ಬೇಡ.

ವರ್ಕ್‌ಶಾಪಿನ ಸರ್ವಿಸ್ ಅಡ್ವೈಸರ್ ಹುಡುಗ ಬಹಳ ಸಭ್ಯ. ಎರಡು ಕೋಡ್ ತೋರಿಸಿದ. ಒಂದು, ಎಡ ಹಿಂದಿನ ಚಕ್ರದ ವೇಗ ಅಳೆಯುವ ಸೆನ್ಸರಿನ ಸಂಕೇತ ಆಗಾಗ ಕಡಿದುಹೋಗುತ್ತಿದೆ. ಇನ್ನೊಂದು, ಮಾಡ್ಯೂಲಿಗೆ ಸಿಗುವ ವೋಲ್ಟೇಜ್ ಕಡಿಮೆ. "ಆದ್ದರಿಂದ ಮಾಡ್ಯೂಲ್ ಹೋಗಿದೆ ಸರ್" ಅಂದ. ನಾನು ಕೇಳಿದೆ, ವೋಲ್ಟೇಜ್ ಕಡಿಮೆ ಅಂತ ದೂರು ಹೇಳಿದ್ದು ಮಾಡ್ಯೂಲು ತಾನೆ? ದೂರು ಕೊಟ್ಟವನನ್ನೇ ಹಿಡಿದು ಒಳಗೆ ಹಾಕುವುದು ಎಂಥ ಪೊಲೀಸ್ ಠಾಣೆಯ ನ್ಯಾಯ? ಬ್ಯಾಟರಿಯಿಂದ ಅಲ್ಲಿಗೆ ಬರುವ ದಾರಿ ನೋಡಿದಿರಾ? ಅವನು ನಗುತ್ತ, ಪ್ರವಾಹದ ನೀರು ಕುಡಿದ ಗಾಡಿ ಸರ್, ಪಾರ್ಟ್ ಪಾರ್ಟಾಗಿ ಹುಡುಕುತ್ತ ಕೂತರೆ ಗ್ಯಾರಂಟಿ ಕೊಡೋಕಾಗಲ್ಲ, ಎಲ್ಲ ಬದಲಿಸಿದರೆ ಕೊಡ್ತೇವೆ ಅಂದ. ಹಾಗಾದರೆ ಬೇರೆ ಕಡೆ ತೋರಿಸುತ್ತೇವೆ ಅಂದದ್ದಕ್ಕೆ ಅವನು ಹೇಳಿದ ಮಾತು ನೋಡಿ: "ಹೊರಗೆ ವೈರಿಂಗ್ ಮುಟ್ಟಿಸಿದರೆ ವಾರಂಟಿ ಹೋಗುತ್ತೆ ಸರ್." ಪ್ರವಾಹದಿಂದ ಆದ ದೋಷಕ್ಕೆ ವಾರಂಟಿ ಇದೆಯಾ ಅಂದೆ. ಇಲ್ಲ ಅಂದ. ಇಲ್ಲದ ವಾರಂಟಿ ಹೋಗುವುದು ಹೇಗೆ ಸ್ವಾಮಿ?

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ತಿಂಗಳ ಟಾರ್ಗೆಟ್ ಇರುತ್ತದೆ. ಟಾರ್ಗೆಟ್ ಅಂದರೆ ಏನು ಅಂತ ಬ್ಯಾಂಕಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಳೆಯುವುದಕ್ಕೆ ಎರಡು ಗಂಟೆ ಬೇಕು, ಆ ಎರಡು ಗಂಟೆಗೆ ಬಿಲ್ಲಿನಲ್ಲಿ ಸಿಗುವುದು ಐನೂರು ರೂಪಾಯಿ. ಬದಲಿಸುವುದಕ್ಕೂ ಅಷ್ಟೇ ಹೊತ್ತು, ಸಿಗುವುದು ಲಕ್ಷದ ಮೇಲೆ. ವ್ಯವಸ್ಥೆಯೇ ಹಾಗೆ ಕಟ್ಟಿರುವಾಗ ಮೀಟರ್ ಹಿಡಿಯುವವನು ಪೆದ್ದ ಅನ್ನಿಸಿಕೊಳ್ಳುತ್ತಾನೆ.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತು. ಕಾರಣ? ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ರಿಪೇರಿಯವರಿಗೆ ಸಿಗದ ಹಾಗೆ ಮಾಡಿ ಮಾರುಕಟ್ಟೆಯನ್ನು ಬಿಗಿ ಹಿಡಿದದ್ದು. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ರದ್ದು ಅನ್ನುವ ಷರತ್ತನ್ನೂ ಆಯೋಗ ಪ್ರಶ್ನಿಸಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಕೋರ್ಟಿಗೆ ಹೋದವು, ಅದು ನಮ್ಮ ದೇಶದಲ್ಲಿ ಹೇಗೆ ಎಳೆಯುತ್ತದೆ ಅಂತ ನಿಮಗೆ ಗೊತ್ತು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಆಯ್ದ ಕ್ಷೇತ್ರಗಳಲ್ಲಿ ವಾಹನಗಳೂ ಒಂದು. ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲೇ ಜನ ಮತ ಹಾಕಿ ವಾಹನ ರಿಪೇರಿಯ ಹಕ್ಕನ್ನು ಕಾನೂನು ಮಾಡಿಸಿಕೊಂಡರು. ನಾವು ಮತ ಹಾಕುವುದು ಬೇಡ, ಒಂದು ಪ್ರಶ್ನೆ ಕೇಳಿದರೆ ಸಾಕಿತ್ತು.

ಗಾಡಿ ವಡೋದರಾಕ್ಕೆ ತಂದೆವು. ಮಕರಪುರಾ ಕೈಗಾರಿಕಾ ವಸಾಹತಿನ ಹಿಂದೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ನನಗಿಂತ ನಾಲ್ಕು ವರ್ಷ ಹಿರಿಯರಿರಬಹುದು. ಅಂಗಡಿಗೆ ಬೋರ್ಡಿಲ್ಲ. ಹೆಸರು ಬರೆಯಬೇಡಿ, ಜನ ಜಾಸ್ತಿಯಾಗ್ತಾರೆ ಅಂತ ಅವರೇ ಹೇಳಿದ್ದಾರೆ. ಎಸ್ಟಿಮೇಟು ತೋರಿಸಿದರೆ ಓದಲೂ ಇಲ್ಲ, ಮಡಚಿ ವಾಪಸು ಕೊಟ್ಟು, "ಪಹೇಲಾ ಮಾಪ್, ಪಛೀ ಮಾಲ್" ಅಂದರು. ಮೊದಲು ಅಳತೆ, ಆಮೇಲೆ ಸಾಮಾನು.

ಅವರು ಮಾಡಿದ್ದನ್ನು ನಾನು ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೊದಲು ಬ್ಯಾಟರಿ. ನಿಂತ ಗಾಡಿಯಲ್ಲಿ 12.5 ವೋಲ್ಟ್, ಸ್ಟಾರ್ಟ್ ಮಾಡುವಾಗ 10.4ಕ್ಕೆ ಇಳಿಯಿತು, ಎಂಜಿನ್ ಓಡುವಾಗ 14.1. ಬ್ಯಾಟರಿ, ಆಲ್ಟರ್ನೇಟರ್ ಎರಡೂ ಚೆನ್ನಾಗಿವೆ. ಹಾಗಾದರೆ ಮಾಡ್ಯೂಲಿಗೆ ವೋಲ್ಟೇಜ್ ಕಡಿಮೆ ಯಾಕೆ? ಹೆಡ್‌ಲೈಟು, ಬ್ಲೋವರ್ ಎಲ್ಲ ಹಾಕಿಸಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಮಾಡ್ಯೂಲಿನ ಅರ್ಥಿಂಗ್ ತಂತಿಗೆ ಇಟ್ಟರು. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು, 0.1 ಅಥವಾ 0.2 ವೋಲ್ಟಿನ ಒಳಗೆ. ಬಂದದ್ದು 0.9. ಅಂದರೆ ಕರೆಂಟು ವಾಪಸು ಹೋಗುವ ದಾರಿಯಲ್ಲಿ ತಡೆ ಇದೆ. ತಂತಿ ಹಿಡಿದುಕೊಂಡು ಹೋದರೆ ಚಾಸಿಗೆ ಬಿಗಿದ ಒಂದು ಬೋಲ್ಟು, ಅದರ ತಳದಲ್ಲಿ ವಿಶ್ವಾಮಿತ್ರಿಯ ಒಣ ಕೆಸರು ಮತ್ತು ತುಕ್ಕು. ಬಿಚ್ಚಿ, ಮರಳು ಕಾಗದದಲ್ಲಿ ತಿಕ್ಕಿ, ಬಿಗಿದು, ಮೇಲೆ ಗ್ರೀಸು ಸವರಿದರು. ಮತ್ತೆ ಅಳೆದರೆ 0.04. ಸಾಮಾನಿನ ಖರ್ಚು ಸೊನ್ನೆ.

ಇನ್ನು ಮೂರು ದೀಪದ ಕಥೆ. ಮೂರು ದೀಪ ಹತ್ತಿದರೆ ಮೂರು ರೋಗ ಅಂತ ನಾವು ಹೆದರುತ್ತೇವೆ. ಎ.ಬಿ.ಎಸ್., ಟ್ರ್ಯಾಕ್ಷನ್, ಹಿಲ್ ಡಿಸೆಂಟ್ ಮೂರಕ್ಕೂ ಬೇಕಾದ್ದು ಒಂದೇ ಮಾಹಿತಿ, ನಾಲ್ಕು ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿವೆ ಅನ್ನುವುದು. ಒಂದು ಚಕ್ರದ ವರದಿ ಬರದಿದ್ದರೆ ಮೂರೂ ಇಲಾಖೆ ಒಟ್ಟಿಗೆ ಬಾಗಿಲು ಹಾಕುತ್ತವೆ. ಕಾಕಾ ತಮ್ಮ ಸಣ್ಣ ಸ್ಕ್ಯಾನರ್ ಸಿಕ್ಕಿಸಿ, ನಮ್ಮ ಹುಡುಗನ ಹತ್ತಿರ 20 ಕಿಲೋಮೀಟರ್ ವೇಗದಲ್ಲಿ ಗಾಡಿ ಓಡಿಸಿದರು. ಪರದೆಯ ಮೇಲೆ ಮೂರು ಚಕ್ರ 20, 20, 20. ಎಡ ಹಿಂದಿನದು 20, 20, ಸೊನ್ನೆ, 20, ಸೊನ್ನೆ. ಚಕ್ರ ನಿಂತೇಬಿಟ್ಟಿತು ಅಂದುಕೊಂಡ ಯಂತ್ರ ನಿಧಾನ ವೇಗದಲ್ಲೂ ಬ್ರೇಕ್ ಬಿಟ್ಟು ಹಿಡಿದು ಮಾಡುತ್ತಿತ್ತು. ಪೆಡಲಿನ ಗರಗರಕ್ಕೆ ಅದೇ ಕಾರಣ. ಗಾಡಿ ಎತ್ತಿ ನಿಲ್ಲಿಸಿ ಆ ಚಕ್ರದ ತಂತಿ ಅಲ್ಲಾಡಿಸಿದರು. ಕನೆಕ್ಟರ್ ಬಿಚ್ಚಿದರೆ ಒಳಗೆ ಪಾಚಿಯ ಹಾಗೆ ಹಸಿರು. ಹಳೆಯ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ನೀರು ಹೋಗದಂತೆ ಮುಚ್ಚಿದರು. ಸೆನ್ಸರ್ ಸಮೇತ ಬದಲಿಸಬಹುದಿತ್ತಲ್ಲ ಅಂದೆ. "ಸೆನ್ಸರ್ ಕೆಟ್ಟಿಲ್ಲ ಸಾಹೇಬ್, ಅದು ಹೇಳಿದ್ದು ತಲುಪ್ತಿರಲಿಲ್ಲ" ಅಂದರು.

ರಿವರ್ಸ್ ಸೆನ್ಸರಿಗೆ ಮೀಟರೂ ಬೇಕಾಗಲಿಲ್ಲ. ಗಾಡಿ ರಿವರ್ಸಿನಲ್ಲಿಟ್ಟು ನಾಲ್ಕರ ಮೇಲೂ ಬೆರಳು ಇಟ್ಟು ನೋಡಿದರು. ಕೆಲಸ ಮಾಡುವುದು ಸಣ್ಣಗೆ ಟಿಕ್ ಟಿಕ್ ಮಿಡಿಯುತ್ತದೆ, ನಾಡಿಯ ಹಾಗೆ. ಒಂದು ಮಿಡಿಯುತ್ತಿರಲಿಲ್ಲ. ಅದನ್ನು ತೆಗೆದು ಪಕ್ಕದ ಜಾಗದಲ್ಲಿ ಹಾಕಿದರು, ದೋಷ ಅದರ ಜೊತೆಯೇ ಪಕ್ಕಕ್ಕೆ ಹೋಯಿತು. ಹಾಗಾದರೆ ತಂತಿ ಸರಿ, ಸೆನ್ಸರೇ ಸತ್ತಿದೆ. ಒಂದನ್ನು ಬದಲಿಸಿದರು. ಉಳಿದ ಮೂರು ಈಗಲೂ ಕೂಗುತ್ತಿವೆ, ಬೇಕಾದಾಗ ಮಾತ್ರ.

ಬಿಲ್ಲು: ತಪಾಸಣೆ 500, ಕನೆಕ್ಟರು ತಂತಿ 350, ಸೆನ್ಸರು ಒಂದು 1,600, ಕೂಲಿ 1,800.

ನಾನು ನೌಕರಿಗೆ ಸೇರಿದಾಗ ಎಲ್ಲ ಕೈಬರಹದ ಲೆಡ್ಜರು. ತಿಂಗಳ ಕೊನೆಗೆ ಬ್ಯಾಲೆನ್ಸ್ ಕೂಡದಿದ್ದರೆ ರಾತ್ರಿ ಹತ್ತಾದರೂ ಮನೆಗೆ ಹೋಗುವಂತಿಲ್ಲ. ನಮ್ಮ ಹಿರಿಯ ಅಕೌಂಟೆಂಟರು ಮೊದಲು ನೋಡುತ್ತಿದ್ದದ್ದು ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ಅಂತ. ಆದರೆ 54 ಬರೆಯುವ ಕಡೆ 45 ಬರೆದ ಹಾಗೆ ಯಾರೋ ಅಂಕಿ ತಿರುಗಿಸಿರಬಹುದು, ವೋಚರ್ ಹುಡುಕಿ. ಆ ವ್ಯತ್ಯಾಸ ನಮಗೆ ಯಾವ ಲೆಡ್ಜರಿನಲ್ಲಿ ತಪ್ಪಿದೆ ಅಂತ ಹೇಳುತ್ತಿತ್ತು, ಯಾವ ವೋಚರ್ ಅಂತ ಹೇಳುತ್ತಿರಲಿಲ್ಲ. ಸ್ಕ್ಯಾನರಿನ ಕೋಡೂ ಅಷ್ಟೇ. ಯಾವ ಸರ್ಕ್ಯೂಟಿನಲ್ಲಿ ತೊಂದರೆ ಅಂತ ಹೇಳುತ್ತದೆ, ಯಾವ ಭಾಗ ಕೆಟ್ಟಿದೆ ಅಂತ ಹೇಳುವುದಿಲ್ಲ. ಬ್ಯಾಲೆನ್ಸ್ ಕೂಡಲಿಲ್ಲ ಅಂತ ನಾವು ಯಾವತ್ತಾದರೂ ಲೆಡ್ಜರ್ ಸುಟ್ಟು ಹೊಸ ಲೆಡ್ಜರ್ ತರಿಸಿದ್ದುಂಟೆ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಸೂರತ್ತಿನವನ ಟೇಪು ಇನ್ನೊಂದು ಬಗೆ. ಅದು ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಮನೆಗೆ ಹೋದ ಹಾಗೆ. ಆ ಖಾತೆ ಪಾಲೇಜ್ ಬಳಿ ಬಾಯಿ ತೆರೆಯಿತು. (ಅಂದಹಾಗೆ 1,82,150ನ್ನು 9ರಿಂದ ಭಾಗಿಸಿ ನೋಡಿದೆ. ಆಗುವುದಿಲ್ಲ. ಅಂಕಿ ಅದಲುಬದಲಾದದ್ದಂತೂ ಅಲ್ಲ.)

ಎದುರು ವಾದವನ್ನೂ ಹೇಳಬೇಕು. ಮಾಡ್ಯೂಲಿನ ಒಳಕ್ಕೇ ನೀರು ಹೋಗಿದ್ದರೆ ಬದಲಿಸಲೇಬೇಕು, ಬೇರೆ ದಾರಿಯಿಲ್ಲ. ರಾಡಾರ್, ಕ್ಯಾಮೆರಾ ಇರುವ ಗಾಡಿಗಳಲ್ಲಿ ಮುಂದಿನ ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಕೂರಿಸಿ ಅಳತೆ ಸರಿಮಾಡುವ ಕೆಲಸಕ್ಕೆ ಸರಿಯಾದ ಉಪಕರಣ, ಜಾಗ ಎರಡೂ ಬೇಕು. ಅದು ಗಲ್ಲಿಯಲ್ಲಿ ಆಗುವ ಕೆಲಸವಲ್ಲ. ಬ್ರೇಕಿನ ವಿಷಯದಲ್ಲಿ ಕಂಡಕಂಡವರ ಕೈಗೆ ಗಾಡಿ ಕೊಡಿ ಅಂತ ನಾನು ಹೇಳುತ್ತಿಲ್ಲ, ಟೇಪಿನ ಕಥೆ ಹೇಳಿದ್ದೇ ಅದಕ್ಕೆ. ತಂತಿಗೆ ಸೂಜಿ ಚುಚ್ಚಿ ನೋಡುವವರು, ಮಾಡ್ಯೂಲಿನ ತಂತಿಗೆ ಹಳೆಯ ಬಲ್ಬಿನ ಟೆಸ್ಟರ್ ಹಿಡಿಯುವವರು ಇದ್ದ ರೋಗಕ್ಕೆ ಇನ್ನೊಂದು ಸೇರಿಸುತ್ತಾರೆ. ಆದರೆ ದೊಡ್ಡ ವರ್ಕ್‌ಶಾಪಿನಲ್ಲಿ ಕಾಕಾನ ಮೀಟರಿಗಿಂತ ಒಳ್ಳೆಯ ಮೀಟರ್ ಇದೆ, ಕಂಪನಿಯ ವೈರಿಂಗ್ ನಕ್ಷೆ ಇದೆ, ತರಬೇತಾದ ಹುಡುಗರಿದ್ದಾರೆ. ಎಲ್ಲ ಇದ್ದೂ ಹಿಡಿಯಲಿಲ್ಲ ಅನ್ನುವುದೇ ನನ್ನ ತಕರಾರು. 1,38,000 ರೂಪಾಯಿಯ ಯೂನಿಟ್ ಹಾಕಿಸಿದ್ದರೂ ಆ ಅರ್ಥಿಂಗ್ ಬೋಲ್ಟು ಹಾಗೇ ಇರುತ್ತಿತ್ತಲ್ಲವೆ? ಹೊಸ ಮಾಡ್ಯೂಲೂ ನಾಲ್ಕು ದಿನದಲ್ಲಿ ವೋಲ್ಟೇಜ್ ಕಡಿಮೆ ಅಂತ ದೂರು ಹೇಳುತ್ತಿತ್ತು. ಆಗ ಏನು ಬದಲಿಸುತ್ತಿದ್ದರು, ಎಂಜಿನ್ನೇ?

ಊರಿನವರಿಗೆ ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಮುಳುಗಿದ ಕಾರುಗಳನ್ನು ನಾನು ಇಲ್ಲಿಂದಲೇ ಟೀವಿಯಲ್ಲಿ ನೋಡಿದೆ. ಮಲೆನಾಡಿನಲ್ಲಿ ಐದು ತಿಂಗಳು ಮಳೆ, ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಯ ತಂತಿ ಕಡಿಯುವ ಇಲಿ ಬೇರೆ. ಮಂಗಳೂರು, ಕಾರವಾರದಲ್ಲಿ ಉಪ್ಪುಗಾಳಿ. ಕಿಲುಬು ಹಿಡಿಯುವುದಕ್ಕೆ ವಿಶ್ವಾಮಿತ್ರಿಯೇ ಬೇಕೆಂದಿಲ್ಲ. ಅಂಥ ದಿನ ನಿಮ್ಮ ಗಾಡಿಯಲ್ಲಿ ದೀಪ ಹತ್ತಿದಾಗ ಸೋಫಾದಲ್ಲಿ ಕೂತು ಚಾ ಕುಡಿಯುತ್ತ ಸಹಿ ಹಾಕಬೇಡಿ. ಕೋಡ್ ಯಾವುದು, ಅದಾದ ಮೇಲೆ ಏನೇನು ಅಳೆದಿರಿ, ಬಂದ ಅಳತೆ ಎಷ್ಟು, ಬರಬೇಕಾದ್ದು ಎಷ್ಟು ಅಂತ ಎಸ್ಟಿಮೇಟಿನ ಮೇಲೆ ಬರೆದುಕೊಡಿ ಅನ್ನಿ. ತೆಗೆದ ಹಳೆಯ ಸಾಮಾನು ವಾಪಸು ಕೇಳಿ. ಇದರಲ್ಲಿ ಸಣ್ಣತನ ಏನಿದೆ? ಸಾಲ ಕೊಡುವಾಗ ನಾವು ನಿಮ್ಮ ಹತ್ತಿರ ಮೂರು ವರ್ಷದ ಲೆಕ್ಕ ಕೇಳುತ್ತಿರಲಿಲ್ಲವೆ?

ಅಹಮದಾಬಾದಿನಲ್ಲಿ 1978ರಿಂದ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಅಂತ ಒಂದು ಸಂಸ್ಥೆ ಇದೆ, ಮನುಭಾಯಿ ಶಾ ಅವರು ಕಟ್ಟಿದ್ದು. ಅಂಥ ಸಂಸ್ಥೆ ಈ ಊರಿನಲ್ಲಿ ಬೇರೂರಿದ್ದು ಆಕಸ್ಮಿಕವಲ್ಲ ಅಂತ ನನಗೆ ಅನ್ನಿಸುತ್ತದೆ. ಹನ್ನೊಂದೂಕಾಲು ರೂಪಾಯಿಗೆ ಒಂದು ಗಂಟೆ ನಿಲ್ಲುವ ಜನ ಇರುವ ನೆಲ ಇದು. ನಾನು ಇನ್ನೂ ಅಲ್ಲಿಯವರೆಗೆ ಹೋಗಿಲ್ಲ. ಮೊದಲು ವರ್ಕ್‌ಶಾಪಿಗೇ ಒಂದು ಪತ್ರ ಬರೆದೆ. ಎರಡೂ ಬಿಲ್ಲಿನ ಜೆರಾಕ್ಸ್ ಲಗತ್ತಿಸಿ, ಮೂರೇ ಪ್ರಶ್ನೆ: ಅರ್ಥಿಂಗ್ ಅಳೆದಿರಾ? ನಾಲ್ಕು ಚಕ್ರದ ವೇಗವನ್ನು ಗಾಡಿ ಓಡಿಸಿ ನೋಡಿದಿರಾ? ಕೆಟ್ಟದ್ದು ಒಂದು ಸೆನ್ಸರು, ನಾಲ್ಕು ಬರೆದದ್ದು ಯಾಕೆ? ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ.

ಪತ್ರಕ್ಕೆ ಉತ್ತರ ಬರಲಿಲ್ಲ. ಹದಿನೈದು ದಿನದ ಮೇಲೆ ಒಂದು ಫೋನ್ ಬಂತು. ಹೆಣ್ಣುಮಗಳ ದನಿ, ಹಿಂದಿಯಲ್ಲಿ ಬಹಳ ವಿನಯವಾಗಿ, ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಸರ್ ಅಂತ ಕೇಳಿದಳು. ನಾನು ಬರೆದ ಮೂರು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಕೊಡುತ್ತೇನಮ್ಮ ಅಂದೆ. ಒಂದು ಕ್ಷಣ ಸುಮ್ಮನಿದ್ದು, ತನ್ನ ಮುಂದಿನ ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ ಸರ್ ಅಂದಳು.